ಸುತ್ತಾಟದ ಸೋದರಮಾವ

ಪತ್ರಿಕೆಯ ಕಚೇರಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಪ್ರೂಫಣ್ಣ ಎಂದೇ. ಹತ್ತೊಂಬತ್ತು ವರ್ಷದಿಂದ ಕೆಂಪು ಪೆನ್ನು ಹಿಡಿದು ಒಂದೇ ಕುರ್ಚಿಯಲ್ಲಿ ಕೂತವನು. ಅಚ್ಚಿಗೆ ಹೋಗುವ ಪ್ರತಿ ಪುಟವೂ ಅವನ ಮೇಜಿನ ಮೇಲೆ ಹಾದು ಹೋಗಬೇಕು. ಒಂದು ದೀರ್ಘ ಬಿಟ್ಟುಹೋಗಿದ್ದರೆ ಅವನಿಗೆ ಊಟ ಸೇರದು, ಒತ್ತಕ್ಷರ ತಪ್ಪಿದ್ದರೆ ನಿದ್ದೆ ಹತ್ತದು. ಯಾರಾದರೂ ಮದುವೆಯ ಕರೆಯೋಲೆ ಕೊಟ್ಟರೆ ಸಂತೋಷ ಎನ್ನುವ ಮೊದಲು ಅದರೊಳಗಿನ ಎರಡು ತಪ್ಪು ತೋರಿಸುವ ಆಸಾಮಿ. ಇಂಥವನ ಕೈಯಿಂದ ಊರಿಗೆ ಊರೇ ಓದುವ ಪುಟದಲ್ಲಿ ಹಸಿ ಸುಳ್ಳೊಂದು ಅಚ್ಚಾಯಿತು ಅಂದರೆ ಯಾರು ತಾನೇ ನಂಬುತ್ತಾರೆ? ಆದರೂ ಆಯಿತು. ಅದೂ ಒಂದೇ ಒಂದು ಕಾಗುಣಿತದ ತಪ್ಪಿಲ್ಲದೆ.

ಶುರುವಾದದ್ದು ಹೀಗೆ. ಭಾನುವಾರದ ಪುರವಣಿಗೆ ಬರಬೇಕಾಗಿದ್ದ ಜಾಹೀರಾತೊಂದು ಕೈಕೊಟ್ಟು ಅಂಗೈಯಗಲ ಜಾಗ ಖಾಲಿ ಉಳಿಯಿತು. ಪುರವಣಿ ನೋಡಿಕೊಳ್ಳುವ ಮೇಡಂ ಕತ್ತೆತ್ತಿ ನೋಡಿದರೆ ಎದುರಿಗೆ ಕಂಡವನು ಇವನೊಬ್ಬನೇ.

"ಪ್ರೂಫಣ್ಣ, ಚಿಕ್ಕ ಮಕ್ಕಳನ್ನ ಕರ್ಕೊಂಡು ಹೋಗೋಕೆ ಊರಲ್ಲಿ ಯಾವ್ದಾದ್ರೂ ಜಾಗ ಇದ್ರೆ ನಾಲ್ಕು ಸಾಲು ಬರ್ದುಕೊಡಿ. ನಿಮ್ಮನೇಲೂ ಮಗು ಇದೆಯಲ್ಲ" ಎಂದರು.

ಅವನು ಗ್ರಂಥಾಲಯದ ಮಕ್ಕಳ ಕೋಣೆಯ ಬಗ್ಗೆ ಬರೆದ. ಓದುಗರಿಗೆ ಹಿಡಿಸಿತು. ಮೇಡಂ ಆ ಅಂಕಣಕ್ಕೆ 'ಸುತ್ತಾಟದ ಸೋದರಮಾವ' ಎಂದು ಹೆಸರಿಟ್ಟು, ಮಾವ ಯಾರೆಂಬುದು ಹೊರಗೆ ಯಾರಿಗೂ ಗೊತ್ತಾಗಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಮೊದಮೊದಲು ಅವನು ತಾನೇ ಹೋಗಿ ನೋಡುತ್ತಿದ್ದ. ಜಾರುಬಂಡೆಯ ಮೊಳೆ ಎದ್ದಿದೆಯೇ, ಕುಡಿಯುವ ನೀರಿದೆಯೇ, ಎಳೆಕೂಸಿನ ಬಟ್ಟೆ ಬದಲಿಸಲು ಮರೆಯಿದೆಯೇ, ಎಲ್ಲ ಬರೆದುಕೊಂಡು ಬರುತ್ತಿದ್ದ. ಆಮೇಲೆ ಹೋಗುವುದು ನಿಂತು ಫೋನು ಮಾಡುವುದಾಯಿತು. ಆಮೇಲೆ ಫೋನೂ ಭಾರವಾಗಿ, ಹಳೆಯ ಪತ್ರಿಕೆಯ ತುಣುಕುಗಳೂ ನೆನಪೂ ಸಾಕು ಅನ್ನಿಸಿತು. ಆದರೆ ಅಂಕಣದ ಕೊನೆಯ ಸಾಲು ಮಾತ್ರ ಪ್ರತಿ ವಾರವೂ ಅದೇ: ಮಾವ ಹೋಗಿ ನೋಡಿ ಬಂದಿದ್ದಾನೆ, ನೀವೂ ಮಕ್ಕಳೊಂದಿಗೆ ಹೋಗಿ ಬನ್ನಿ.

ಮನೆಯಲ್ಲಿ ಗುಟ್ಟು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ದಿನವಿಡೀ ಬಾಯಿ ತೆರೆದವರನ್ನು ನೋಡಿ ನೋಡಿ ಅವಳ ಬಾಯಿಯೂ ಚುರುಕಾಗಿತ್ತು. "ಸೋದರಮಾವ ಅಂದ್ರೆ ಮಗೂಗೆ ತಾಯಿಯ ಅಣ್ಣನೋ ತಮ್ಮನೋ ಆಗ್ಬೇಕು. ಕಟ್ಕೊಂಡ ಗಂಡ ಕಣ್ಣೆದುರೇ ಒಡಹುಟ್ಟಿದವನಾಗಿಬಿಟ್ಟನಲ್ರೀ!" ಎಂದು ಮೊದಲ ದಿನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ವರ್ಷ ಕಳೆಯುವಷ್ಟರಲ್ಲಿ ನಗು ಹೋಗಿ ಮಾತು ಉಳಿಯಿತು. "ಊರಿಗೆ ಉಪಕಾರಿ, ಮನೆಗೆ ಮಾರಿ. ಊರ ಮಕ್ಕಳಿಗೆಲ್ಲ ಮಾವ, ಹೆತ್ತ ಮಗಳಿಗೆ ನೆಂಟ!"

ಮಗಳಿಗೆ ಏಳು ವರ್ಷ. ಮಾವನ ಅಂಕಣವನ್ನು ಪ್ರತಿ ಭಾನುವಾರ ಕತ್ತರಿಸಿ ಹಳೆಯ ನೋಟ್‌ಬುಕ್ಕಿನಲ್ಲಿ ಅಂಟಿಸುತ್ತಿದ್ದಳು. ಅಂಟಿಸಿ ಒಣಗುವ ಮುಂಚೆಯೇ ಅಪ್ಪನ ಕುರ್ಚಿಯ ಪಕ್ಕ ಬಂದು ನಿಲ್ಲುತ್ತಿದ್ದಳು.

"ಅಪ್ಪಾ, ಇವತ್ತು ಇಲ್ಲಿಗೆ ಹೋಗೋಣ್ವಾ?"

"ಬಿಡುವಿಲ್ಲ ಮಗಳೇ. ಮುಂದಿನ ಭಾನುವಾರ."

ಭಾನುವಾರ ಅವನ ಪಾಳಿ ಶುರುವಾಗುತ್ತಿದ್ದದ್ದು ಮಧ್ಯಾಹ್ನ ಮೂರಕ್ಕೆ. ಬೆಳಗಿನಿಂದ ಅಲ್ಲಿಯವರೆಗೆ ಆ ಮಹಾಶಯ ಮಾಡುತ್ತಿದ್ದದ್ದೇನು? ಕಾಲು ಚಾಚಿ ಕೂತು ತನ್ನದೇ ಅಂಕಣವನ್ನು ಮೂರು ಸಲ ಓದುತ್ತಿದ್ದ. ಹೆಂಡತಿ ಕೇಳಿದರೆ, ತಪ್ಪು ಉಳಿದಿದೆಯೇ ನೋಡುತ್ತಿದ್ದೇನೆ ಅನ್ನುತ್ತಿದ್ದ. ಓದಿ ಮುಗಿಸಿ ಮುಖದ ಮೇಲೆ ಅದೇ ಪುಟ ಹೊದ್ದು ಒಂದು ನಿದ್ದೆ ತೆಗೆಯುತ್ತಿದ್ದ.

ಒಂದು ವಾರ ಬರೆಯಲು ಏನೂ ತೋಚಲಿಲ್ಲ. ಆಗ ನೆನಪಾದದ್ದು ಬಾತುಕೋಳಿ ಕೆರೆ. ಏಳು ವರ್ಷದವನಿದ್ದಾಗ ಅಪ್ಪನ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತು ಹೋಗಿದ್ದ. ಚೂರು ಬ್ರೆಡ್ಡು ಎಸೆದರೆ ಬಾತುಗಳೆಲ್ಲ ಕತ್ತು ಚಾಚಿ ಓಡಿ ಬರುತ್ತಿದ್ದವು. ಪೆನ್ನು ತಾನಾಗಿ ಓಡಿತು. 'ಇಂದಿಗೂ ಅಲ್ಲಿ ಬಾತುಕೋಳಿಗಳು ಸಾಲುಗಟ್ಟಿ ಈಜುತ್ತವೆ' ಎಂದು ಬರೆದ. ಮರುದಿನ ಪ್ರೂಫು ನೋಡುವಾಗ 'ಇಂದಿಗೂ' ಎಂಬಲ್ಲಿ ಅವನ ಪೆನ್ನು ಒಂದು ಕ್ಷಣ ತಡೆಯಿತು. ಕಾಗುಣಿತ ಸರಿಯಿತ್ತು. ಪೆನ್ನು ಮುಂದೆ ಹೋಯಿತು.

ಅಂಕಣ ಬಂದ ನಾಲ್ಕನೆಯ ದಿನ ಮೇಡಂ ಒಂದು ಕಾಗದ ಹಿಡಿದುಕೊಂಡು, "ಎಲ್ಲರೂ ಬನ್ರೋ ಇಲ್ಲಿ, ಮಾವಂಗೆ ಸೊಸೆ ಕಾಗದ ಬರ್ದಿದಾಳೆ!" ಎಂದು ಕೂಗಿ, ಗಟ್ಟಿಯಾಗಿ ಓದಿದರು. ಓದುತ್ತ ಓದುತ್ತ ಅವರಿಗೇ ನಗು ತಡೆಯಲಾಗಲಿಲ್ಲ. ಪುಟ ಜೋಡಿಸುವ ಹುಡುಗಿ, "ಅಯ್ಯೋ, ಯಾವನಪ್ಪ ಆ ಅಪ್ಪ! ಮನೇಲೇ ಬೇರು ಬಿಟ್ಟಿರೋನು" ಎಂದಳು. ವರದಿಗಾರರು ನಕ್ಕರು, ಕೊನೆಗೆ ಬಾಗಿಲು ಕಾಯುವವರೂ ಬಂದು ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತಾಗಬಾರದಲ್ಲ, ಅದಕ್ಕೇ ಪ್ರೂಫಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ.

"ಇದನ್ನ ಹಾಗೇ ಹಾಕೋಣ. ಕೆಳಗೆ ಮಾವನ ಉತ್ತರ. ಸೋಮವಾರದೊಳಗೆ ಕೊಡಿ" ಎಂದು ಮೇಡಂ ಕಾಗದ ಅವನ ಮೇಜಿನ ಮೇಲಿಟ್ಟರು. "ಮತ್ತೆ ನೋಡಿ, ಮಗುವಿನ ತಪ್ಪು ತಿದ್ದಬೇಡಿ. ತಪ್ಪಲ್ಲೇ ಚೆಂದ."

ಎಲ್ಲರೂ ಹೋದ ಮೇಲೆ ಅವನು ಓದಿದ. 'ಸೋದರಮಾವನಿಗೆ. ನೀವು ಬರೆದದು ಎಲಾ ನಾನು ಅಂಟಿಸಿದೇನೆ. ಬಾತುಕೋಳಿ ಕೆರೆ ಚೆನಾಗಿದೆ. ನಮ ಅಪ್ಪ ಒಳೆಯವರು. ಆದರೆ ಅವರಿಗೆ ಬಿಡುವಿಲ. ಒಂದು ಜಾಗವೂ ಗೊತಿಲ. ಅವರ ಮೇಲೆ ಸಿಟು ಮಾಡಬೇಡಿ. ನೀವು ಒಂದು ಸಲ ಬಂದು ಅವರಿಗೆ ದಾರಿ ಹೇಳಿ ಕೊಡಿ. ಇಂತಿ ನಿಮ ಸೊಸೆ, ಎರಡನೇ ತರಗತಿ.'

ಕಾಗದದ ತುಂಬ ಒತ್ತಕ್ಷರಗಳೇ ಇಲ್ಲ. ಒಂದೇ ಒಂದು ಪದಕ್ಕೆ ಒತ್ತು ಸರಿಯಾಗಿ ಬಿದ್ದಿತ್ತು, 'ಅಪ್ಪ' ಎಂಬುದಕ್ಕೆ. ಕವರು ತಿರುಗಿಸಿ ನೋಡಿದ. ವಿಳಾಸ ಹೆಂಡತಿಯ ದುಂಡನೆಯ ಅಕ್ಷರದಲ್ಲಿತ್ತು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಅವನಿಗೆ.

ಮನೆಗೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತ. ಹೆಂಡತಿ ತಿರುಗಿಯೂ ನೋಡಲಿಲ್ಲ. "ಕವರ್ ಮೇಲೆ ಬರ್ದಿದ್ದು ನಾನೇ. ಒಳಗಿರೋದು ಅವಳದ್ದು. ಓದಿದೆ, ಒಂದಕ್ಷರ ತಿದ್ದಲಿಲ್ಲ. ತಿದ್ದೋ ಕೆಲಸ ನಿಮ್ಮದಲ್ವಾ?"

ಆಗಲಾದರೂ ಮಗಳನ್ನು ಕೂರಿಸಿಕೊಂಡು ಇದ್ದದ್ದು ಇದ್ದ ಹಾಗೆ ಹೇಳಬಹುದಿತ್ತು. ಎಲ್ಲಿ ಹೇಳುತ್ತಾನೆ! ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಶನಿವಾರ ಮಗಳನ್ನು ಕರೆದು, "ನಿಮ್ಮ ಸೋದರಮಾವ ಆಫೀಸಿಗೆ ಬಂದು ನಂಗೆ ದಾರಿ ಹೇಳಿಕೊಟ್ಟ. ನಾಳೆ ಬಾತುಕೋಳಿ ಕೆರೆಗೆ ಹೋಗೋಣ" ಎಂದ. ಮಗಳು ಕುಣಿದಳು. "ನೋಡಿದ್ಯಾ ಅಮ್ಮಾ, ಮಾವ ಬಂದೇಬಿಟ್ರು!" ಎಂದು ಮನೆ ತುಂಬ ಓಡಾಡಿದಳು. ಅಪ್ಪ ಕರೆದುಕೊಂಡು ಹೋಗುತ್ತಾನೆ ಎಂಬುದಕ್ಕಿಂತ ಮಾವ ತನ್ನ ಕಾಗದ ಓದಿದ ಎಂಬುದೇ ಅವಳಿಗೆ ದೊಡ್ಡದಾಯಿತು. ಅವನಿಗೆ ಅದೂ ಚುಚ್ಚಿತು.

ಭಾನುವಾರ ಬೆಳಿಗ್ಗೆ ಎರಡು ಬಸ್ಸು ಬದಲಿಸಿ ಇಳಿದರು. ಮಗಳ ಬಗಲಲ್ಲಿ ನೋಟ್‌ಬುಕ್ಕು. ಕೆರೆ ಇರಬೇಕಾದಲ್ಲಿ ಮಣ್ಣು ತುಂಬಿ ಮಟ್ಟಸ ಮಾಡಿದ ಬಯಲಿತ್ತು. ಅದರ ಮೇಲೆ ಸಾಲಾಗಿ ಕಾಂಕ್ರೀಟ್ ಲಾರಿಗಳು. ಮೂಲೆಯಲ್ಲೊಂದು ಟೈರಿನ ಅಂಗಡಿ. ತುಕ್ಕು ಹಿಡಿದ ಒಂದು ಬೋರ್ಡು ಮಾತ್ರ ಹಾಗೇ ನಿಂತಿತ್ತು: 'ನೀರಿಗೆ ಇಳಿಯಬೇಡಿ.'

ಟೈರಿನವನು ಇವರನ್ನು ನೋಡಿ ಹಣೆ ಚಚ್ಚಿಕೊಂಡ. "ನೀವೂ ಬಾತುಕೋಳೀನಾ ಸಾರ್? ಬೆಳಿಗ್ಗೆಯಿಂದ ಇದು ನಾಲ್ಕನೇ ಗುಂಪು. ಕೆರೆ ಮುಚ್ಚಿ ಹನ್ನೆರಡು ವರ್ಷ ಆಯ್ತು. ಪೇಪರಲ್ಲಿ ಯಾವನೋ ಬರ್ದಿದಾನಂತೆ."

ಬೋರ್ಡಿನ ನೆರಳಲ್ಲಿ ಆಗಲೇ ಕೆಲವರಿದ್ದರು. ಅವಳಿ ಕೂಸುಗಳ ತಳ್ಳುಗಾಡಿ ಹಿಡಿದ ಅಪ್ಪನೊಬ್ಬ ಅಂಕಣದ ತುಣುಕನ್ನು ಮುದುಡಿ ಕೈಯಲ್ಲಿ ಹಿಡಿದಿದ್ದ. ಪಕ್ಕದಲ್ಲಿ ಒಬ್ಬ ಅಜ್ಜಿ, ಅವಳ ಮಡಿಲಲ್ಲಿ ಅತ್ತತ್ತು ಮಲಗಿದ ಮೊಮ್ಮಗಳು, ಕೈಯಲ್ಲಿ ಬಾತುಗಳಿಗೆಂದು ತಂದ ಬ್ರೆಡ್ಡಿನ ಪೊಟ್ಟಣ.

"ಆ ಸೋದರಮಾವ ಕೈಗೆ ಸಿಗ್ಲಿ, ಮೊದ್ಲು ಅವನನ್ನ ಹಿಡ್ದು ಈಜಿಸ್ತೀನಿ" ಎಂದ ಅವಳಿಗಳ ಅಪ್ಪ.

ಮಗಳು ಸರ್ರನೆ ಮುಂದೆ ಹೋದಳು. "ಮಾವನ್ನ ಬೈಬೇಡಿ ಅಂಕಲ್. ಮಾವ ಸುಳ್ಳು ಬರೆಯಲ್ಲ. ನೋಡಿ, ಇಲ್ಲಿ 'ಇಂದಿಗೂ' ಅಂತ ಇದೆ" ಎಂದು ಪುಸ್ತಕ ತೆರೆದು ತೋರಿಸಿದಳು. "ನಾವು ದಾರಿ ತಪ್ಪಿದೀವಿ ಅಷ್ಟೇ. ನಮ್ಮಪ್ಪಂಗೆ ಜಾಗ ಗೊತ್ತಾಗಲ್ಲ, ಅದಕ್ಕೇ."

"ಹಾಗಾದ್ರೆ ನಾವೆಲ್ಲ ದಾರಿ ತಪ್ಪಿದೀವಾ ಮಗೂ?" ಎಂದಳು ಅಜ್ಜಿ.

"ಹೂಂ ಅಜ್ಜಿ. ಕೆರೆ ಇಲ್ಲೇ ಎಲ್ಲೋ ಇದೆ. ನಾನು ಹುಡುಕ್ಲಾ?" ಎಂದು ಅವಳು ಲಾರಿಗಳ ಸಂದಿಯ ಕಡೆ ಹೊರಟೇಬಿಟ್ಟಳು.

ಅವನಿಗೆ ಇನ್ನು ತಾಳಲಾಗಲಿಲ್ಲ. ಓಡಿ ಹೋಗಿ ಅವಳ ಕೈ ಹಿಡಿದು ನಿಲ್ಲಿಸಿದ.

"ಹುಡುಕಬೇಡ ಮಗಳೇ. ತಪ್ಪಿರೋದು ದಾರಿ ಅಲ್ಲ. ಅದನ್ನ ಬರ್ದೋನು ನಾನೇ" ಎಂದ. ಆಮೇಲೆ ಉಳಿದವರ ಕಡೆ ತಿರುಗಿ, ಯಾರ ಮುಖವನ್ನೂ ನೋಡಲಾರದೆ, "ನಾನೇ ಸ್ವಾಮಿ ಆ ಸೋದರಮಾವ. ನಾನು ಬಂದು ನೋಡಿರಲಿಲ್ಲ" ಎಂದ.

ಅವಳಿಗಳ ಅಪ್ಪ ಬೈಯಲು ಬಾಯಿ ತೆರೆದವನು, ಹುಡುಗಿಯ ಮುಖ ನೋಡಿ ಗಾಡಿ ತಳ್ಳಿಕೊಂಡು ಹೋದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಜ್ಜಿ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು ಎದ್ದು, ಬ್ರೆಡ್ಡಿನ ಪೊಟ್ಟಣವನ್ನು ಅವನ ಕೈಗಿತ್ತಳು. "ತಗೋಳಪ್ಪ. ನಿನ್ನ ಬಾತುಕೋಳಿಗೆ ಹಾಕು."

ಬಯಲಲ್ಲಿ ಅಪ್ಪ ಮಗಳು ಇಬ್ಬರೇ ಉಳಿದರು. ಅವಳು ಹುಬ್ಬು ಗಂಟಿಕ್ಕಿ ಲೆಕ್ಕ ಬಿಡಿಸುವವಳ ಹಾಗೆ ನಿಂತಿದ್ದಳು.

"ಹಾಗಾದ್ರೆ ಅಪ್ಪಾ, ನಿಂಗೆ ಎಲ್ಲಾ ಜಾಗಾನೂ ಗೊತ್ತಿತ್ತಾ?"

ಕೆಲವು ಜಾಗಗಳಂತೂ ಗೊತ್ತಿದ್ದವು. ಗ್ರಂಥಾಲಯದ ಮಕ್ಕಳ ಕೋಣೆಯಲ್ಲಿ ಎಷ್ಟು ಪುಟ್ಟ ಕುರ್ಚಿಗಳಿವೆ ಎಂದು ಎಣಿಸಿಕೊಂಡು ಬಂದಿದ್ದ. ಅದು ಮನೆಯಿಂದ ನಡೆದರೆ ಕಾಲು ಗಂಟೆ.

"ಕೆಲವು ಗೊತ್ತಿತ್ತು" ಎಂದ.

"ಮತ್ತೆ ಮಾವ?"

"ಮಾವ ಅಂತ ಯಾರೂ ಇಲ್ಲ ಮಗಳೇ."

ಅಲ್ಲಿಯವರೆಗೆ ಅಳದವಳು ಆಗ ಅತ್ತಳು. ಬಾತುಕೋಳಿಗಾಗಿ ಅಲ್ಲ. ಇದ್ದೊಬ್ಬ ಮಾವ ಹೋದನಲ್ಲ ಎಂದು ಅತ್ತಳು. ಸಮಾಧಾನ ಮಾಡಲು ಅವನು ಬಾಯಿ ತೆರೆದ. ಅಭ್ಯಾಸಬಲದಿಂದ "ಮುಂದಿನ..." ಎಂಬಷ್ಟು ನಾಲಿಗೆಗೆ ಬಂತು. ಮಗಳು ತಲೆಯೆತ್ತಿ ನೋಡಿದಳು. ಅವನು ಬಾಯಿ ಮುಚ್ಚಿದ.

ಸೋಮವಾರ ಮೇಡಂ ಅವನ ಮೇಜಿನ ಬಳಿ ಬಂದರು. "ಮಾವನ ಉತ್ತರ ಎಲ್ಲಿ ಪ್ರೂಫಣ್ಣ?"

ಅವನು ಮಗಳ ಕಾಗದದ ಪ್ರೂಫನ್ನು ಮುಂದೆ ಸರಿಸಿದ. ಅದರ ಮೇಲೆ ಕೆಂಪು ಗೀಟು ಕಂಡು ಮೇಡಂಗೆ ರೇಗಿತು. "ತಿದ್ದಬೇಡಿ ಅಂತ ಬಡ್ಕೊಂಡಿದ್ನಲ್ರೀ!"

"ಒಂದೇ ತಪ್ಪು ಮೇಡಂ. ಅದಿಷ್ಟು ತಿದ್ದಲೇಬೇಕಿತ್ತು. ಉತ್ತರಾನೂ ಅದೇ."

ಮೇಡಂ ಕನ್ನಡಕ ಏರಿಸಿಕೊಂಡು ನೋಡಿದರು. ಒತ್ತಕ್ಷರವಿಲ್ಲದ ಪದಗಳೆಲ್ಲ ಹಾಗೇ ಇದ್ದವು. 'ಅವರಿಗೆ ಬಿಡುವಿಲ' ಎಂಬಲ್ಲಿ ಕೊನೆಯ ಪದವನ್ನು ಹೊಡೆದುಹಾಕಿ, ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: 'ಬಿಡುವಿತ್ತು. — ಅಪ್ಪ.'

ಮೇಡಂ ಕಾಗದವನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. ಆವತ್ತು ತಾವೆಲ್ಲ ಸೇರಿ ನಕ್ಕದ್ದು ನೆನಪಾಗಿರಬೇಕು, ಮುಖ ಕೆಂಪಾಯಿತು. ಪುಟವನ್ನು ಹಾಗೆಯೇ ಎತ್ತಿಕೊಂಡು ಅಚ್ಚಿಗೆ ಕಳಿಸಿದರು.