ಏಳನೆಯ ಪುಸ್ತಕದ ಮೇಲೆ ನನ್ನ ಅನುಮಾನ

ಪಾರ್ಸೆಲ್ ಬಂದಿದೆ ಎಂದು ಆನೇಮಹಲ್‌ನ ಅಂಗಡಿಯವರು ಫೋನ್ ಮಾಡಿದಾಗ ನನಗೆ ಸಂತೋಷಕ್ಕಿಂತ ಮೊದಲು ಅನುಮಾನ ಬಂತು. ಕೊರಿಯರ್‌ನವರು ನಮ್ಮ ಮನೆಯ ತನಕ ಬರುವುದಿಲ್ಲ, ಹೆದ್ದಾರಿಯ ಪಕ್ಕದ ಆ ಅಂಗಡಿಯಲ್ಲಿ ಬಿಟ್ಟು ಹೋಗುತ್ತಾರೆ. ನಾನು ಹೋದಾಗ ಅಂಗಡಿಯವರು ಪೊಟ್ಟಣವನ್ನು ಅಂಗೈ ಮೇಲಿಟ್ಟು ತೂಗಿ ನೋಡುತ್ತಿದ್ದರು.

“ಭಾರ ಐತೆ ಮೇಡಂ. ಪುಸ್ತಕವಾ?”

“ಕಾಲೇಜಿಂದು,” ಎಂದೆ.

“ಕಾಲೇಜಿಂದಾದ್ರೆ ಕಾಲೇಜಿಗೇ ತರ್ಸ್ಕೋಬೋದಿತ್ತಲ್ಲ ಮಾರಾಯ್ರೆ.”

ಪೊಟ್ಟಣ ತೆಗೆದುಕೊಂಡು ಬಂದೆ. ಒಳಗಿದ್ದದ್ದು ಒಂದು ಪ್ರೇಮ ಕಾದಂಬರಿ ಸರಣಿಯ ಏಳನೆಯ ಪುಸ್ತಕ. ನಾನು ಸಕಲೇಶಪುರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಪ್ರೇಮ ಕಾದಂಬರಿ ಓದುತ್ತೇನೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿರುವುದು ಹೊಂಗಡಹಳ್ಳದ ಕಡೆ ಇರುವ ನನ್ನ ಚಿಕ್ಕಮ್ಮನಿಗೆ ಮಾತ್ರ. ನಾನು ಪಿಯುಸಿಯಲ್ಲಿದ್ದಾಗ ಈ ಸರಣಿಯ ಮೊದಲ ಪುಸ್ತಕವನ್ನು ಕೈಗೆ ಕೊಟ್ಟವರೇ ಅವರು. ಕಾಫಿ ತೋಟವೊಂದನ್ನು ಒಬ್ಬಳೇ ನಡೆಸುವ ನಾಯಕಿ. ಸೇತುವೆ ಕಟ್ಟಲು ಬಂದು, ಕಟ್ಟಿ ಮುಗಿಸಿ, ಇನ್ನೊಂದು ಸೇತುವೆಗೆ ಹೊರಟುಹೋಗುವ ಇಂಜಿನಿಯರ್ ನಾಯಕ. ವರ್ಷಕ್ಕೊಂದರಂತೆ ಬಂದ ಆರು ಪುಸ್ತಕಗಳಲ್ಲಿ ಅವರಿಬ್ಬರು ಒಂದೇ ಸೂರಿನಡಿ ಒಂದು ವಾರ ಕೂಡ ಇದ್ದದ್ದಿಲ್ಲ. ಆರನೆಯದರ ಕೊನೆಯಲ್ಲಿ ಅವನು ಮೇಜಿನ ಮೇಲೆ ಒಂದು ಕಾಗದ ಬರೆದಿಟ್ಟು ಹೋಗಿಬಿಡುತ್ತಾನೆ.

ಆ ಪುಸ್ತಕವನ್ನು ಚಿಕ್ಕಮ್ಮ ಓದಿ ಮುಗಿಸಿದ್ದು ಒಂದು ಶುಕ್ರವಾರ. ಸೋಮವಾರ ಚಿಕ್ಕಪ್ಪ ತೀರಿಕೊಂಡರು. ಎರಡಕ್ಕೂ ಸಂಬಂಧವಿಲ್ಲವೆಂದು ಅವರಿಗೂ ಗೊತ್ತು. ಆದರೂ ಆಮೇಲೆ ಅವರು ಕಾದಂಬರಿ ಮುಟ್ಟಲಿಲ್ಲ. ಆರು ವರ್ಷ ಕಳೆದು, ಏಳನೆಯದು ಬರುತ್ತಿದೆ, ಅದೇ ಕೊನೆಯದು ಎಂಬ ಸುದ್ದಿಯನ್ನು ನಾನೇ ಅವರಿಗೆ ಹೇಳಿದೆ.

“ನೀನು ಮೊದ್ಲು ಓದು,” ಎಂದರು. “ಕೊನೇಗೆ ಅವನು ಇರ್ತಾನೆ ಅಂದ್ರೆ ತಂದ್ಕೊಡು. ಇನ್ನೊಂದ್ಸಲ ಬುಟ್ಟೋಗ್ತಾನೆ ಅಂದ್ರೆ ನಂಗೆ ಬ್ಯಾಡ. ಕಣ್ಣಿಗೆ ತೋರ್ಸ್‌ಲೂ ಬ್ಯಾಡ.”

“ನನ್ನ ಮಾತು ನಂಬ್ತೀರಾ?”

“ನೀನು ಯಾವ್ದನ್ನೂ ನಂಬೋಳಲ್ಲ ಕಣೇ. ಅದ್ಕೇ ನಿಂಗೆ ಹೇಳ್ತಿರೋದು.”

ಹಾಗಾಗಿ ಆ ಪುಸ್ತಕವನ್ನು ನಾನು ಓದಲು ಕುಳಿತದ್ದು ಓದುವವಳಾಗಿ ಅಲ್ಲ, ತಪಾಸಣೆ ಮಾಡುವವಳಾಗಿ. ಅನುಮಾನಪಡಲು ಕಾರಣಗಳೂ ಇದ್ದವು. ಲೇಖಕಿಗೆ ಬರೆಯಲು ಆಗುತ್ತಿಲ್ಲ, ಬೇರೆ ಯಾರೋ ಮುಗಿಸಿಕೊಟ್ಟಿದ್ದಾರೆ ಎಂದು ಓದುಗರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದರು. ಪ್ರಕಾಶಕರು ಬದಲಾಗಿದ್ದರು. ಅಕ್ಷರ ದೊಡ್ಡದಾಗಿತ್ತು. ಮೊದಲಿನ ಆರೂ ಮುಖಪುಟಗಳಲ್ಲಿ ಬರೀ ಗಿಡ, ದಾರಿ, ಗೇಟು ಇರುತ್ತಿದ್ದವು. ಇದರಲ್ಲಿ ಕೂದಲು ಹಾರಬಿಟ್ಟ ಒಬ್ಬಳು ಹುಡುಗಿ ಇದ್ದಳು. ಹಿಂಬದಿಯಲ್ಲಿ ‘ನಿಮ್ಮ ಕಣ್ಣು ಒದ್ದೆಯಾಗದೆ ಇರದು’ ಎಂದು ಅಚ್ಚಾಗಿತ್ತು. ಅಳುವುದೋ ಬಿಡುವುದೋ ನಾನು ನೋಡಿಕೊಳ್ಳುತ್ತೇನೆ ಅನ್ನಿಸಿತು.

ಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕಿ, ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಕೈಯಲ್ಲಿ ಪೆನ್ಸಿಲ್ ಹಿಡಿದು ಓದಿದೆ. ತಪ್ಪುಗಳ ಪಟ್ಟಿ ಮಾಡತೊಡಗಿದೆ. ಹನ್ನೆರಡನೇ ಪುಟದಲ್ಲಿ ನಾಯಕ ಕಾಫಿಗೆ ಸಕ್ಕರೆ ಕೇಳುತ್ತಾನೆ. ಎರಡನೇ ಪುಸ್ತಕದಿಂದಲೂ ಅವನು ಬೆಲ್ಲದ ಕಾಫಿ ಕುಡಿಯುವವನು. ಮೂರನೇ ಪುಸ್ತಕದಲ್ಲೇ ಮುದಿಯಾಗಿದ್ದ ನಾಯಿ ಇಲ್ಲಿ ಇನ್ನೂ ಬೊಗಳುತ್ತಿದೆ. ಎರಡನ್ನೂ ಬರೆದುಕೊಂಡೆ. ಅದೇ ವಾರ ಎರಡು ಸಲ ಆನೇಮಹಲ್‌ನಲ್ಲಿ ಇಳಿಯುವುದನ್ನು ಮರೆತು ದೋಣಿಗಲ್ ತನಕ ಹೋಗಿಬಿಟ್ಟೆ. ಅದನ್ನು ಪಟ್ಟಿಗೆ ಸೇರಿಸಲಿಲ್ಲ.

ಆಮೇಲೆ ಹೂವಿನ ಪುಟ ಬಂತು.

ಬೇಸಿಗೆಯ ಮೊದಲ ಮಳೆ, ಅಂದರೆ ಹೂಮಳೆ, ಬಿದ್ದ ಎಂಟೊಂಬತ್ತು ದಿನಕ್ಕೆ ಕಾಫಿ ಗಿಡ ಹೂ ಬಿಡುತ್ತದೆ. ಆ ಎರಡು ಮೂರು ದಿನ ನಮ್ಮ ಕಡೆ ಯಾರೂ ತೋಟಕ್ಕೆ ಇಳಿಯುವುದಿಲ್ಲ. ಮೈ ತಾಗಿದರೆ ಹೂ ಕೆಡುತ್ತದೆ, ಕಾಯಿ ಕಚ್ಚುವುದಿಲ್ಲ. ಚಿಕ್ಕವರಿದ್ದಾಗ ಆಡುವ ಚೆಂಡು ಒಳಗೆ ಬಿದ್ದರೆ ಹೂ ಬಾಡುವವರೆಗೆ ಅದು ಅಲ್ಲೇ ಬಿದ್ದಿರಬೇಕಿತ್ತು, ಅತ್ತರೂ ಯಾರೂ ತಂದುಕೊಡುತ್ತಿರಲಿಲ್ಲ. ಈ ಪುಸ್ತಕದಲ್ಲಿ ನಾಯಕ ವಾಪಸು ಬಂದು ತೋಟದ ಆಚೆ ತುದಿಯಲ್ಲಿ ನಿಂತಿರುತ್ತಾನೆ. ನಾಯಕಿ ಅರಳಿದ ಹೂವಿನ ನಡುವೆ ರೆಂಬೆಗಳನ್ನು ಎರಡೂ ಕೈಯಲ್ಲಿ ಸರಿಸಿಕೊಂಡು ಅವನ ಕಡೆ ಓಡುತ್ತಾಳೆ.

ಪುಸ್ತಕ ಮುಚ್ಚಿದೆ. ಇನ್ನೂ ನಲವತ್ತು ಪುಟ ಇತ್ತು. ಕಾಫಿ ಹೂವನ್ನು ಫೋಟೋದಲ್ಲಿ ಮಾತ್ರ ಕಂಡ ಯಾರೋ ಬರೆದಿದ್ದಾರೆ, ಖಚಿತವಾಯಿತು. ನನ್ನ ಅನುಮಾನ ನಿಜವಾದದ್ದಕ್ಕೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಆ ಸಾಲುಗಳನ್ನು ಓದುವಾಗ ನಾನು ಉಸಿರು ಹಿಡಿದಿದ್ದೆ, ಮೋಸ ಹೋದೆನೆಂದು ಸಿಟ್ಟು ಬಂತು.

ಭಾನುವಾರ ಚಿಕ್ಕಮ್ಮನ ಮನೆಗೆ ಹೋದೆ. ಕೊಯ್ಲಿನ ಕಾಲ. ಅವರು ಕಣದಲ್ಲಿ ಒಣಗಲು ಹರಡಿದ್ದ ಕಾಫಿಯನ್ನು ಮರದ ಗೋರೆಯಿಂದ ಎಳೆದು ತಿರುವುತ್ತಿದ್ದರು.

“ತಂದ್ಯಾ?” ಎಂದರು, ನನ್ನ ಮುಖ ನೋಡದೆ.

“ತಂದಿದೀನಿ. ಆದ್ರೆ ಓದೋದು ಬೇಡ ಚಿಕ್ಕಮ್ಮ. ಇದು ಆ ಲೇಖಕಿ ಬರ್ದಿದ್ದಲ್ಲ.”

“ಯಾರಾದ್ರೂ ಬರೀಲಿ. ಅವನು ಇರ್ತಾನಾ ಇಲ್ವಾ?”

“ಗೊತ್ತಿಲ್ಲ. ಪೂರ್ತಿ ಓದಿಲ್ಲ. ಹೂ ಬಿಟ್ಟಿರೋವಾಗ ತೋಟದೊಳಗೆ ಓಡ್ತಾಳೆ! ಆರು ಪುಸ್ತಕ ತೋಟ ನಡೆಸಿದೋಳು!”

ಗೋರೆ ನಿಂತಿತು. “ಅರಳಿದ್ ಹೂವಾ, ಮೊಗ್ಗಾ?”

“ಅರಳಿದ್ದು. ಸೀರೆಗೆಲ್ಲ ಅಂಟ್ಕೊಂಡಿತ್ತು ಅಂತ ಇದೆ.”

“ಅಯ್ಯೋ ಹುಚ್ಚೀ,” ಎಂದರು ಚಿಕ್ಕಮ್ಮ, ನಾಯಕಿ ಪಕ್ಕದ ತೋಟದವಳು ಎನ್ನುವ ಹಾಗೆ. ಸ್ವಲ್ಪ ಯೋಚಿಸಿ ಕೇಳಿದರು: “ಅವತ್ತು ಆಳುಗಳು ಎಲ್ಲಿದ್ರು?”

“ಯಾವ ಆಳುಗಳು?”

“ತೋಟದ ಆಳುಗಳು ಕಣೇ. ಗೊತ್ತಿಲ್ದೋರು ಬರೆದ್ರೆ ಆಳುಗಳ್ನೂ ಒಳಗೇ ಕೆಲ್ಸಕ್ಕೆ ಹಾಕಿರ್ತಾರೆ. ತೆಗ್ದು ನೋಡು.”

ಕಣದ ಅಂಚಿನಲ್ಲಿ ನಿಂತು ಪುಟ ಹಿಂದೆ ತಿರುವಿದೆ. ಹನ್ನೊಂದು ಪುಟ ಹಿಂದೆ ಅದು ಸಿಕ್ಕಿತು. ಅದೇ ಬೆಳಿಗ್ಗೆ ನಾಯಕಿ ಎಸ್ಟೇಟಿನ ಆಳು-ಲೆಕ್ಕ ನೋಡುವ ರೈಟರನ್ನು ಕರೆದು, ಆಳುಗಳನ್ನೆಲ್ಲ ಕಾಫಿ ಇಡುವ ಸ್ಟೋರಿನ ಕಸ ಗುಡಿಸಲು ಕಳಿಸಿ ಎನ್ನುತ್ತಾಳೆ. ತಾನೇ ಹೋಗಿ ತೋಟದ ಗೇಟಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. ನಾಲ್ಕೇ ಸಾಲು. ಓದಿದ್ದೆ. ತಪ್ಪೇನೂ ಕಾಣದ ಕಾರಣ ಪೆನ್ಸಿಲ್ ಇಡದೆ ದಾಟಿ ಹೋಗಿದ್ದೆ.

ಜೋರಾಗಿ ಓದಿ ಹೇಳಿದೆ. ಚಿಕ್ಕಮ್ಮ ಗೋರೆಯ ಹಿಡಿಗೆ ಗದ್ದ ಊರಿ ಕೇಳಿಸಿಕೊಂಡು, ನಕ್ಕುಬಿಟ್ಟರು.

“ಬೀಗ ಹಾಕ್ದೋಳೇ ನುಗ್ಗವ್ಳೆ ಅನ್ನು! ಗೊತ್ತಿದ್ದೂ ಗೊತ್ತಿದ್ದೂ ಓಡವ್ಳೆ. ಫಸಲು ಹೋದ್ರೆ ಹೋಗ್ಲಿ ಅಂತ. ಇದ್ನ ತೋಟದೋರು ಬುಟ್ಟು ಬ್ಯಾರೆ ಯಾರು ಬರೀತಾರೆ? ನೀನೊಬ್ಳು!”

ಸಕ್ಕರೆಗೂ ನಾಯಿಗೂ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಆದರೆ ಇಡೀ ಪುಸ್ತಕದಲ್ಲಿ ಅವಳು ಮಾಡಿದ ಅತಿ ದೊಡ್ಡ ಕೆಲಸವನ್ನು ನಾನು ಲೇಖಕಿಯ ಅಜ್ಞಾನವೆಂದು ಬರೆದುಕೊಂಡಿದ್ದೆ.

“ಕೂತ್ಕೊ ಅಲ್ಲಿ,” ಎಂದು ಸ್ಟೋರಿನ ಮೆಟ್ಟಿಲು ತೋರಿಸಿದರು. “ಈಗ್ಲೇ ಮುಗ್ಸು. ಇರ್ತಾನಾ ಇಲ್ವಾ ಅಷ್ಟು ಹೇಳು, ಸಾಕು.”

ಯಾರಾದರೂ ನೋಡುತ್ತಿರುವಾಗ ನಾನು ಇಂಥ ಪುಸ್ತಕ ಓದಿದ್ದೇ ಇಲ್ಲ. ಚಿಕ್ಕಮ್ಮ ಗೋರೆ ಎಳೆಯುತ್ತಾ ಆಚೆ ಹೋಗುವರು, ಈಚೆ ಬರುವರು. ನನ್ನ ಹತ್ತಿರ ಬಂದಾಗಲೆಲ್ಲ ಗೋರೆಯ ಸದ್ದು ನಿಧಾನವಾಗುತ್ತಿತ್ತು.

“ಮುಖ ಯಾಕೆ ಹಂಗೆ ಮಾಡ್ತೀಯಾ?”

“ನನ್ನ ಮುಖ ಇರೋದೇ ಹೀಗೆ.”

ನಾಯಕ ಮಂಜಿನಲ್ಲಿ ಘಾಟಿ ರಸ್ತೆಗೆ ಜೀಪು ಇಳಿಸಿದಾಗ, ಈಗ ಸಾಯಿಸುತ್ತಾರೆ ಎಂದುಕೊಂಡೆ. ಸಾಯಿಸಲಿಲ್ಲ, ಅವನು ತಡವಾಗಿ ಬಂದದ್ದು ರಸ್ತೆಗೆ ಮರ ಬಿದ್ದಿದ್ದಕ್ಕೆ. ಅವನು ಒಂದು ಕಾಗದ ಬರೆಯಲು ಕುಳಿತಾಗ ನನ್ನ ಕೈ ನಿಂತಿತು. ಚಿಕ್ಕಮ್ಮನ ಗೋರೆಯೂ ನಿಂತಿತು. ಅದು ಅವನ ರಾಜೀನಾಮೆಯಾಗಿತ್ತು. ಪ್ರತಿ ಪುಟದಲ್ಲೂ ಮೋಸವನ್ನು ಕಾಯುತ್ತಾ ಕೊನೆಯ ಪುಟಕ್ಕೆ ಬಂದೆ. ಅಲ್ಲಿ ದೊಡ್ಡ ಮಾತೇನೂ ಇರಲಿಲ್ಲ. ಚಪ್ಪಲಿ ಎಲ್ಲಿಡಲಿ ಎಂದು ಅವನು ಕೇಳುತ್ತಾನೆ. ಅವಳು ಜಾಗ ತೋರಿಸುತ್ತಾಳೆ. ಅಷ್ಟೆ. ಅದನ್ನು ಮೂರು ಸಲ ಓದಿದೆ.

“ಏನೇ?”

“ಇರ್ತಾನೆ.”

“ನಂಗೆ ಬೇಜಾರಾಗ್ತದೆ ಅಂತ ಸುಳ್ಳು ಹೇಳ್ತಿಲ್ವಲ್ಲ?”

“ಇಲ್ಲ ಚಿಕ್ಕಮ್ಮ. ಕೊನೇಲಿ ಅವನು ಚಪ್ಪಲಿ…”

“ಹೇಳ್ಬ್ಯಾಡ! ಬಾಯ್ಮುಚ್ಚು!”

ನಲ್ಲಿಯ ಹತ್ತಿರ ಹೋಗಿ ಮೊಣಕೈ ತನಕ ತೊಳೆದು, ಸೆರಗಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡು ಬಂದರು. ಪುಸ್ತಕಕ್ಕೆ ಕೈ ಹಾಕಿದರು. ನಾನು ಬಿಡಲಿಲ್ಲ.

“ನಾನು ಇನ್ನೊಂದ್ಸಲ ಓದಿ ಆಮೇಲೆ ಕೊಡ್ತೀನಿ.”

“ಯಾರೋ ಬರ್ದಿದ್ದು ಅಂದ್ಯಲ್ಲ, ನಿಂಗ್ಯಾಕೆ ಅದು? ಬುಡು.”

ಬಿಟ್ಟೆ. ಅವರು ಕನ್ನಡಕ ಹಾಕಿಕೊಂಡು ನಾನು ಕುಳಿತಿದ್ದ ಮೆಟ್ಟಿಲಲ್ಲೇ ಕುಳಿತು ಮೊದಲ ಪುಟ ತೆರೆದರು. ಊಟಕ್ಕೇಳಿ ಎಂದು ಎರಡು ಸಲ ಕರೆದೆ. ತಲೆ ಎತ್ತಲಿಲ್ಲ. ಬಿಸಿಲು ಚೆನ್ನಾಗಿತ್ತು, ಅರ್ಧ ಕಣದ ಕಾಫಿ ಇನ್ನೂ ತಿರುವಬೇಕಿತ್ತು. ನಾನು ಗೋರೆ ಎತ್ತಿಕೊಂಡೆ.