ಗೇಟು ದಾಟಲು ಚೀಟಿ

ಕಳೆದ ಶನಿವಾರ ನಾನು ಮತ್ತು ನಮ್ಮತ್ತೆ ಟಿಕೆಟ್ ಕೊಂಡು ಬಡತನ ನೋಡಿ ಬಂದೆವು. ನಗಬೇಡಿ. ಅಮೆರಿಕದಲ್ಲಿ ಅದಕ್ಕೂ ಮ್ಯೂಸಿಯಂ ಇದೆ, ಪಾರ್ಕಿಂಗ್ ಇದೆ, ಗಿಫ್ಟ್ ಶಾಪ್ ಕೂಡ ಇದೆ.

ನಾವಿರುವ ಗೇದರ್ಸ್‌ಬರ್ಗ್‌ನಿಂದ ಒಂದು ಗಂಟೆಯ ಡ್ರೈವ್. ಹೆಸರು ಪೂರ್‌ಹೌಸ್. ಹಿಂದೆ ದಿಕ್ಕಿಲ್ಲದವರನ್ನು ಸೇರಿಸಿಕೊಂಡು, ಊಟ ಹಾಕಿ, ಬದಲಿಗೆ ಕೆಲಸ ಮಾಡಿಸುತ್ತಿದ್ದ ಇಟ್ಟಿಗೆ ಕಟ್ಟಡ.

ಅತ್ತೆ ಮೈಸೂರಿನಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆದವರು. ಊರೆಲ್ಲ ಸಿಟಿ ಬಸ್ಸಿನಲ್ಲೇ ಸುತ್ತಿದವರು. ಇಲ್ಲಿಗೆ ಬಂದು ಮೂರು ತಿಂಗಳಾಯಿತು. ಮನೆ ಮುಂದಿನ ಬಸ್ಸು ಹತ್ತಿ ಒಬ್ಬರೇ ಲೈಬ್ರರಿಗೆ ಹೋಗುತ್ತೇನೆ ಅಂತ ದಿನಾ ಕೇಳುತ್ತಿದ್ದರು. ನಾನು ದಿನಾ ಬೇಡ ಅನ್ನುತ್ತಿದ್ದೆ. (ದಾರಿ ತಪ್ಪಿದರೆ ಅವರ ಮಗನಿಗೆ ಉತ್ತರ ಹೇಳಬೇಕಾದವಳು ನಾನು ತಾನೇ?) ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಹಾಗೆ.

ಗೈಡ್ ಒಬ್ಬರು ವಯಸ್ಸಾದ ಹೆಂಗಸು. ಗೋಡೆಯ ಮೇಲಿದ್ದ ನಿಯಮಗಳ ಬೋರ್ಡ್ ತೋರಿಸಿದರು. ಹೆಂಗಸರು ಅಡುಗೆ ಮಾಡಬೇಕು, ಮಕ್ಕಳನ್ನು ನೋಡಿಕೊಳ್ಳಬೇಕು, ಬಟ್ಟೆ ಮಡಿಸಬೇಕು. ಅತ್ತೆ ಕನ್ನಡಕ ಏರಿಸಿ ಒಂದೊಂದನ್ನೂ ಓದಿದರು, ಇನ್‌ಸ್ಪೆಕ್ಷನ್‌ಗೆ ಬಂದವರ ಹಾಗೆ. ಸುಪರಿಂಟೆಂಡೆಂಟರ ಅನುಮತಿಯಿಲ್ಲದೆ ಯಾರೂ ಗೇಟು ದಾಟಕೂಡದು ಎಂಬ ಸಾಲಿಗೆ ಬಂದು ನಿಂತರು. ನನ್ನ ಕಡೆ ತಿರುಗಿದರು. ನಾನು ಕ್ಯಾಮೆರಾದ ರೋಲ್ ಸರಿಮಾಡುವ ನಾಟಕ ಆಡಿದೆ.

ಅಂದ ಹಾಗೆ, ನಮ್ಮ ಮನೆಯಲ್ಲಿ ಬೆಳಗಿನ ಅಡುಗೆ ಯಾರದು? ನಾನು ಆಫೀಸಿಗೆ ಹೋದಾಗ ಮಗು ಯಾರ ಹತ್ತಿರ? ಡ್ರೈಯರ್‌ನಿಂದ ಬಟ್ಟೆ ತೆಗೆದು ಮಡಿಸುವವರು? ಕೇಳಬೇಡಿ. (ನಿಮ್ಮ ಮನೆಯಲ್ಲಿ ಯಾರೆಂದು ನಾನೂ ಕೇಳುವುದಿಲ್ಲ.)

ಇಲ್ಲಿದ್ದವರಿಗೆ ರಜೆ ಇತ್ತೇ ಎಂದು ಅತ್ತೆ ಗೈಡನ್ನು ತಮ್ಮ ಸ್ಕೂಲ್ ಇಂಗ್ಲಿಷಿನಲ್ಲಿ ಕೇಳಿದರು. ಇತ್ತು, ಭಾನುವಾರ ಮಧ್ಯಾಹ್ನ ಚೀಟಿ ಬರೆಸಿಕೊಂಡು ಹೊರಗೆ ಹೋಗಬಹುದಿತ್ತು ಎಂದರು ಆಕೆ.

ವಾಪಸ್ ಬರುವಾಗ ಕಾರಿನಲ್ಲಿ ನನಗೆ ನಿಜಕ್ಕೂ ನಾಚಿಕೆಯಾಗಿತ್ತು. ಮನೆ ಹತ್ತಿರ ಬಂದಾಗ ಅತ್ತೆ ಮೆಲ್ಲಗೆ ಕೇಳಿದರು.

"ನಾಳೆ ಭಾನುವಾರ ಅಲ್ವೇನಮ್ಮ? ನಂಗೂ ಒಂದು ಚೀಟಿ ಬರ್ಕೊಡ್ತೀಯಾ?"

ಆಯಿತು ಅತ್ತೆ, ಹೋಗಿ ಬನ್ನಿ ಅಂದೆ. ಮಾರನೆಯ ದಿನ ಅವರು ಒಳ್ಳೆಯ ಸೀರೆ ಉಟ್ಟು, ಡ್ರೈವರನಿಗೆ ಗುಡ್ ಆಫ್ಟರ್‌ನೂನ್ ಹೇಳಿ, ಕಿಟಕಿ ಪಕ್ಕದ ಸೀಟು ಹಿಡಿದರು. ಆ ಮುಖದಲ್ಲಿ ಅಂಥ ಖುಷಿ ನಾನು ಮೂರು ತಿಂಗಳಲ್ಲಿ ನೋಡಿರಲಿಲ್ಲ. ಬಸ್ಸು ಹೊರಟಿತು. ಅದರ ಹಿಂದೆಯೇ, ಲೈಬ್ರರಿಯವರೆಗೂ, ನನ್ನ ಕಾರು.

ಪೂರ್‌ಹೌಸ್ ಮುಚ್ಚಿ ಎಷ್ಟೋ ಕಾಲವಾಯಿತು, ಸುಪರಿಂಟೆಂಡೆಂಟ್ ಮಾತ್ರ ಇನ್ನೂ ರಿಟೈರ್ ಆಗಿಲ್ಲ.