ಹೊಸ ಗೇರಿಗೆ ಹಳೇ ಗುಂಡು

ನಾಲ್ಕು ನಿಂಬೆಹಣ್ಣೂ ಇಟ್ಟ ಜಾಗದಲ್ಲೇ ಇದ್ದವು. ಒಂದೂ ಒಡೆದಿರಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಚನ್ನಗಿರಿಯ ಶಿವಲಿಂಗಣ್ಣನವರ ಮನೆಯಂಗಳದಲ್ಲಿ ಏನಾಯಿತು ಎಂದು ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ಯಾಕೆಂದರೆ ನನಗೆ ಪೂರ್ತಿ ಖಚಿತವಾಗಿ ಗೊತ್ತಿರುವ ಸಂಗತಿಗಳು ತೀರಾ ಕಡಿಮೆ. ನಿಂಬೆಹಣ್ಣು ಅವುಗಳಲ್ಲಿ ಒಂದು. ಇನ್ನೊಂದು ನನ್ನ ಬಲ ಮೊಣಕಾಲು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕಾರು ನಿಮಗೆ ಗೊತ್ತಿರುವುದೇ. ಮಳೆಗಾಲಕ್ಕೆ ಮುಂಚೆ ಇದೇ ಅಂಕಣದಲ್ಲಿ ಅದರ ಬಗ್ಗೆ ಬರೆದಿದ್ದೆ. ಓದದವರಿಗೆ ಎರಡು ಮಾತು. ಶಿವಲಿಂಗಣ್ಣ ನಮ್ಮೂರಿನ ಬಟ್ಟೆ ವ್ಯಾಪಾರಿ. ವಯಸ್ಸು ಎಪ್ಪತ್ತೆರಡು. ಮದುವೆಯಾದ ಹೊಸದರಲ್ಲಿ, ಕಾಫಿ ತೋಟದವರೊಬ್ಬರು ಮೂಲೆಗೆ ತಳ್ಳಿದ್ದ ವಿಲಾಯಿತಿ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ತಂದರು. ಎರಡೇ ಸೀಟು, ಉದ್ದ ಮೂಗು, ಬಟ್ಟೆಯ ಚಾವಣಿ. ಕೂತರೆ ರಸ್ತೆಯ ಮೇಲೇ ಕೂತಂತೆ ಅನಿಸುವಷ್ಟು ತಗ್ಗು. ಚನ್ನಗಿರಿಯ ಜನ ಅದಕ್ಕೆ ‘ಕಪ್ಪೆ ಕಾರು’ ಎಂದು ಹೆಸರಿಟ್ಟರು. (ಬಣ್ಣವೂ ಹಸಿರು.)

ಎರಡು ವರ್ಷದಿಂದ ಅದರ ಎಂಜಿನ್ ಕೈಕೊಡುತ್ತಿತ್ತು. ಹೊಗೆ, ಬಿಸಿ, ಎಣ್ಣೆ ಸೋರಿಕೆ. ಸ್ಪೇರ್ ಸಿಗುವುದಿಲ್ಲ. ಹೊನ್ನಾಳಿಯ ಮೆಕ್ಯಾನಿಕ್ ಬಾಷಾ ಒಂದು ದಿನ ಬಾನೆಟ್ ಮುಚ್ಚಿ ಕೈ ಒರೆಸಿಕೊಂಡ.

“ಅಣ್ಣಾ, ಇದಕ್ಕೆ ಇನ್ನ ಔಷಧಿ ಇಲ್ಲ. ಎಂಜಿನ್ನು, ಗೇರ್‌ಬಾಕ್ಸು ಎರಡೂ ಹೊಸಾವು ಕೂರಿಸ್ಬೇಕು. ಇಲ್ಲಾಂದ್ರೆ ಇದಕ್ಕೊಂದು ಗಾಜಿನ ಪೆಟ್ಟಿಗೆ ಮಾಡಿಸಿ ಒಳಗಿಡ್ರಿ.”

ನ್ಯಾಮತಿಯ ಹತ್ತಿರ ಹಳ್ಳಕ್ಕೆ ಉರುಳಿದ್ದ ಜೀಪಿನಂಥ ಹೊಸ ಗಾಡಿಯೊಂದು ಸಿಕ್ಕಿತು. ಮೈಯೆಲ್ಲ ಜಜ್ಜಿಹೋಗಿತ್ತು, ಎಂಜಿನ್, ಗೇರ್‌ಬಾಕ್ಸ್ ಮಾತ್ರ ಚೆನ್ನಾಗಿದ್ದವು. ಬಾಷಾ ಐದು ತಿಂಗಳು ಕೆಲಸ ಮಾಡಿದ. ಎಂಜಿನ್ ಕೂರುವ ಕಬ್ಬಿಣದ ಕೈಗಳನ್ನು ಹೊಸದಾಗಿ ಮಾಡಿದ. ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟ್ ಕತ್ತರಿಸಿ ಗಿಡ್ಡ ಮಾಡಿಸಿದ. ರೇಡಿಯೇಟರ್ ಬದಲಾಯಿತು, ವೈರಿಂಗ್ ಬದಲಾಯಿತು. (ಸರ್ಕಾರಿ ಅನುಮತಿಯ ಕಾಗದಗಳೂ ಆದವು. ಅದಕ್ಕೆ ಎಂಜಿನ್ ಕೂರಿಸಿದ್ದಕ್ಕಿಂತ ಹೆಚ್ಚು ಬೆವರು ಹರಿಯಿತು.)

ನಾನು ಹೊನ್ನಾಳಿಗೆ ಹೋಗಿ ಅವನ ಶೆಡ್ಡಿನಲ್ಲಿ ನೋಡಿದಾಗ ಗೇರ್ ಕಡ್ಡಿಯ ತುದಿಯಲ್ಲಿ ಕರೀ ಪ್ಲಾಸ್ಟಿಕ್ಕಿನ ಹಿಡಿ ಕೂತಿತ್ತು.

“ಬಾಷಾ, ಆ ಗುಂಡು ಎಲ್ಲಪ್ಪಾ?” ಎಂದೆ.

ಗುಂಡು ಎಂದರೆ ಹಳೆಯ ಗೇರ್ ಕಡ್ಡಿಯ ಮೇಲಿದ್ದ ಮರದ ಗುಂಡು. ಕಾರಿನ ಜೊತೆ ಬಂದದ್ದು ಎಂದೋ ಒಡೆದುಹೋಗಿತ್ತು. ಶಿವಲಿಂಗಣ್ಣನ ಹೆಂಡತಿ ಗಿರಿಜಮ್ಮನವರ ತವರು ಜಗಳೂರು ಕಡೆ. ಅವರ ಅಣ್ಣ ಅಲ್ಲಿಯ ಬಡಗಿಯ ಪಕ್ಕ ಕೂತು, ಹೊನ್ನೆ ಮರದಲ್ಲಿ ಒಂದು ಗುಂಡು ಕಡೆಸಿ, ಕಾದ ಸೂಜಿಯಿಂದ ತಾವೇ ಗೇರಿನ ಅಂಕಿಗಳನ್ನು ಸುಟ್ಟು ಬರೆದು ತಂಗಿಯ ಗಂಡನಿಗೆ ಕೊಟ್ಟಿದ್ದರು. ನಲವತ್ತು ವರ್ಷ ಶಿವಲಿಂಗಣ್ಣನ ಅಂಗೈ ತಿಕ್ಕಿ ತಿಕ್ಕಿ ಅದು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು.

ಆ ವಾರ ನಾನು ಬರೆದ ಅಂಕಣ ಆ ಗುಂಡಿನ ಬಗ್ಗೆ. ಎಲ್ಲ ಬದಲಾಗಲಿ, ಗುಂಡು ಒಂದು ಉಳಿಯಲಿ ಎಂದು ಬರೆದೆ. ನಿಮ್ಮಲ್ಲಿ ಅನೇಕರು ಮೆಸೇಜ್ ಮಾಡಿದಿರಿ. ‘ಗುಂಡು ತೆಗೆಯಬೇಡಿ’ ಅಂದಿರಿ. ಒಬ್ಬರು ಕಣ್ಣೀರು ಬಂತು ಎಂದೂ ಬರೆದರು. ನಾನು ಉಬ್ಬಿದೆ.

ಶಿವಲಿಂಗಣ್ಣ ಪತ್ರಿಕೆಯನ್ನು ಕತ್ತರಿಸಿಕೊಂಡು ಹೊನ್ನಾಳಿಗೆ ಹೋದರು.

“ಅಣ್ಣಾ, ಈ ಗುಂಡು ಹಾಕಿದ್ರೆ ಕೆಳಗಿನ ರಿಂಗು ಕೂರಂಗಿಲ್ಲ” ಅಂದನಂತೆ ಬಾಷಾ.

“ಪೇಪರ್‌ನಾಗೆ ಬಂದೈತಲ್ಲೋ ಮಾರಾಯಾ. ಜನ ಏನಂತಾರೆ?”

ಪತ್ರಿಕೆಯಲ್ಲಿ ಬಂದ ಮೇಲೆ ಬಾಷಾ ಏನು ಮಾಡಿಯಾನು? ರಿಂಗ್ ತೆಗೆದ. ಗುಂಡು ತಿರುಗಿಸಿ ಕೂರಿಸಿದ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇಡೀ ವಿಷಯ ಇರುವುದೇ ಇಲ್ಲಿ. ಹಳೆಯ ಗೇರ್‌ಬಾಕ್ಸಿನಲ್ಲಿ ಕಡ್ಡಿಯನ್ನು ಪೂರ್ತಿ ಎಡಕ್ಕೆ ತಳ್ಳಿ ಮುಂದಕ್ಕೆ ಒತ್ತಿದರೆ ಒಂದನೇ ಗೇರ್. ಹೊಸದರಲ್ಲಿ ಅದೇ ಜಾಗದಲ್ಲಿ ರಿವರ್ಸ್ ಇದೆ. ಒಂದನೇ ಗೇರ್ ಅದರ ಪಕ್ಕ, ಬಲಕ್ಕೆ ಸರಿದಿದೆ. ಕೈತಪ್ಪಿ ರಿವರ್ಸ್ ಬೀಳದಿರಲಿ ಎಂದು ಕಡ್ಡಿಯಲ್ಲಿ ಒಂದು ರಿಂಗ್ ಇಟ್ಟಿರುತ್ತಾರೆ. ಎರಡು ಬೆರಳಿನಿಂದ ಅದನ್ನು ಎತ್ತಿದರೆ ಮಾತ್ರ ರಿವರ್ಸ್. ಈಗ ಆ ಕಾವಲು ಇಲ್ಲ. ಮೇಲಿರುವ ಗುಂಡೋ, ಹಳೆಯ ಗೇರ್‌ಬಾಕ್ಸಿನ ನಕ್ಷೆಯನ್ನು ತೋರಿಸುತ್ತಿದೆ. ರಿವರ್ಸ್ ಇರುವ ಜಾಗದಲ್ಲಿ ‘೧’ ಎಂದು ಬರೆದಿದೆ.

ಬಾಷಾ ಇದನ್ನು ಶಿವಲಿಂಗಣ್ಣನಿಗೆ ಎರಡು ಸಲ ಹೇಳಿದ್ದ. ಅವರೂ ಹೂಂ ಅಂದಿದ್ದರು. ಆದರೆ ಒಮ್ಮೆಯೂ ಓಡಿಸಿ ನೋಡಿರಲಿಲ್ಲ. ಯಾಕೆಂದರೆ ಪೂಜೆಗೆ ಮುಂಚೆ ಯಜಮಾನ ಸ್ಟೇರಿಂಗ್ ಮುಟ್ಟಬಾರದು ಎಂದು ಗಿರಿಜಮ್ಮನವರ ಕಟ್ಟಪ್ಪಣೆ. ಹೊನ್ನಾಳಿಯಿಂದ ಕಾರು ತಂದವನು ಬಾಷಾನೇ. ಅಂಗಳದಲ್ಲಿ ಮೂಗು ರಸ್ತೆಗೆ ಮಾಡಿ ನಿಲ್ಲಿಸಿದವನೂ ಅವನೇ.

ಶುಕ್ರವಾರ, ಒಂಬತ್ತು ಗಂಟೆ ದಾಟಿತ್ತು. ಹೂವಾಯಿತು, ಕುಂಕುಮವಾಯಿತು, ತೆಂಗಿನಕಾಯಿ ಒಡೆದದ್ದಾಯಿತು. ಒಂದೊಂದು ಚಕ್ರದ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟರು. ಗಾಡಿ ನಿಂಬೆಹಣ್ಣು ತುಳಿದು ಹೊರಡುವಾಗ ಎದುರಿಗೆ ಯಾರೂ ನಿಲ್ಲಬಾರದು ಅನ್ನುವುದು ನಮ್ಮ ಕಡೆಯ ಲೆಕ್ಕ. ದೃಷ್ಟಿ ಎದುರಿದ್ದವರಿಗೆ ತಗಲುತ್ತದಂತೆ. ಎಲ್ಲರೂ ಕಾರಿನ ಹಿಂದೆ, ಜಗಲಿಯ ಮೇಲೆ ಹೋಗಿ ನಿಂತರು. ಬಾಷಾ ಮಾತ್ರ ಮುಂದೆ ಮೊಣಕಾಲೂರಿ ರೇಡಿಯೇಟರ್ ಕೆಳಗೆ ಇಣುಕುತ್ತಿದ್ದ.

“ಬಾಷಾ, ಎದುರಿಗಿರಬ್ಯಾಡಪ್ಪಾ. ಹಿಂದಕ್ಕೆ ಬಾ” ಅಂದರು ಗಿರಿಜಮ್ಮ.

ಬಾಷಾ ಎದ್ದು ಹಿಂದೆ ಹೋದ. ಸೈಲೆನ್ಸರಿನ ಸದ್ದು ಕೇಳುವ ಆಸೆ ಅವನಿಗೆ. ಜಗಲಿ ಹತ್ತಲಿಲ್ಲ. ಕಾರಿಗೂ ಜಗಲಿಯ ಕಲ್ಲಿಗೂ ನಡುವೆ ನೆಲದ ಮೇಲೇ ನಿಂತ.

ಪಕ್ಕದ ಸೀಟಿನಲ್ಲಿ ನಾನು. ಗುಂಡು ಉಳಿಸಿದ ಪುಣ್ಯಾತ್ಮನಿಗೆ ಆ ಗೌರವ.

ಶಿವಲಿಂಗಣ್ಣ ಕ್ಲಚ್ ಒತ್ತಿದರು. ಎಡಗೈ ಗುಂಡಿನ ಮೇಲೆ ಬಂತು. ಗುಂಡು ನನ್ನ ಬಲ ಮೊಣಕಾಲಿಗೆ ತಗಲಿ ಮುಂದಕ್ಕೆ ಹೋಯಿತು. ಇದು ಖಚಿತ. ಮೊಣಕಾಲು ಸುಳ್ಳು ಹೇಳುವುದಿಲ್ಲ. ಹಳೆಯ ಎಂಜಿನ್‌ಗೆ ಕೊಡುತ್ತಿದ್ದಷ್ಟೇ ಆಕ್ಸಿಲರೇಟರ್ ಕೊಟ್ಟರು. ಅದಕ್ಕೆ ಅಷ್ಟು ಕೊಡದಿದ್ದರೆ ಕೆಮ್ಮಿ ಆಫ್ ಆಗುತ್ತಿತ್ತು. ಹೊಸದಕ್ಕೆ ಅದರ ಅರ್ಧವೂ ಹೆಚ್ಚು.

ಕಾರು ಹಿಂದಕ್ಕೆ ಹಾರಿತು.

ಮರುದಿನ ಟೇಪು ಹಿಡಿದು ಅಳೆದೆ. ಬರೀ ಐದಡಿ. ಬಾಷಾನ ಎಡಗಾಲು, ಮೊಣಕಾಲಿನ ಕೆಳಗೆ, ಬಂಪರಿಗೂ ಕಲ್ಲಿಗೂ ನಡುವೆ ಸಿಕ್ಕಿತ್ತು. ಮೂಳೆ ಎರಡು ಕಡೆ ಮುರಿದಿತ್ತು. ಅವನು ಕೂಗಲಿಲ್ಲ. “ಆಫ್ ಮಾಡ್ರಿ ಅಣ್ಣಾ, ಆಫ್ ಮಾಡ್ರಿ” ಎಂದು ಮೆಲ್ಲಗೆ ಹೇಳಿದ. ಈಗಲೂ ಕಿವಿಯಲ್ಲಿ ಇರುವುದು ಆ ಮೆಲುದನಿ.

ದಾವಣಗೆರೆಯ ಆಸ್ಪತ್ರೆಯಲ್ಲಿ ಕಾಲಿಗೆ ರಾಡ್ ಹಾಕಿದರು. ಕಾಲು ಉಳಿಯುತ್ತದೆ ಅಂದರು.

ಆಮೇಲೆ ಶುರುವಾಯಿತು ನೋಡಿ, ನನಗೆ ಇಂದಿಗೂ ಅರ್ಥವಾಗದ ಭಾಗ. ಅಪಘಾತವಾದರೆ ನಮ್ಮಲ್ಲಿ ತಪ್ಪು ನಿನ್ನದು, ತಪ್ಪು ನಿನ್ನದು ಎಂದು ಜಗಳವಾಗುತ್ತದೆ. ಇಲ್ಲಿ ಎಲ್ಲರೂ ತಪ್ಪು ತಮ್ಮದೆಂದು ಹಟ ಹಿಡಿದು ಕೂತರು. ಗಿರಿಜಮ್ಮನವರು ಹಿಂದಕ್ಕೆ ಕರೆದ ತಮ್ಮ ಬಾಯನ್ನು ಶಪಿಸಿಕೊಂಡರು. ಶಿವಲಿಂಗಣ್ಣ ಎರಡು ದಿನ ಊಟ ಬಿಟ್ಟರು. “ನನ್ನ ಕೈಗೆ ಮರೆವು ಬಂತು” ಅನ್ನುವುದೊಂದೇ ಮಾತು.

ಅವರ ಮಗಳು ಸುನೀತಾ ದಾವಣಗೆರೆಯಲ್ಲಿ ಟೀಚರ್. ಬಂದವಳೇ ಕಾರಿನ ಕೀ ತೆಗೆದು ತನ್ನ ಬ್ಯಾಗಿಗೆ ಹಾಕಿಕೊಂಡಳು. ನನ್ನನ್ನು ಅಂಗಳಕ್ಕೆ ಕರೆದಳು.

“ಅಂಕಲ್, ನೀವು ಪಕ್ಕದಾಗೇ ಇದ್ರಿ. ಖರೇ ಹೇಳ್ರಿ. ಅಪ್ಪ ಗುಂಡು ನೋಡಿ ಗೇರ್ ಹಾಕಿದ್ರಾ, ನೋಡದೇ ಹಾಕಿದ್ರಾ?”

“ಯಾಕಮ್ಮಾ?”

“ನೋಡಿ ಹಾಕಿದ್ರೆ ಗುಂಡಿನ ತಪ್ಪು. ಬದಲಾಯಿಸಿದ್ರೆ ಆತು. ನೋಡದೇ ಹಾಕಿದ್ರೆ ಅಪ್ಪಂಗೆ ಹೇಳಿದ್ದು ತಲೇಲಿ ನಿಲ್ತಿಲ್ಲ ಅಂತ. ಇನ್ಮೇಲೆ ಅವರು ಯಾವ ಗಾಡೀನೂ ಮುಟ್ಟಾಕೆ ಬಿಡಲ್ಲ ನಾನು. ಇವತ್ತು ಕಾಲು. ನಾಳೆ?”

“ನೋಡಿದರಮ್ಮಾ. ಬಗ್ಗಿ ನೋಡಿ ಹಾಕಿದರು” ಅಂದೆ. ತಕ್ಷಣ ಅಂದೆ.

ಮನೆಗೆ ಬಂದು ಕೂತಾಗ ಅನುಮಾನ ಹತ್ತಿತು. ಶಿವಲಿಂಗಣ್ಣ ತಲೆ ಬಗ್ಗಿಸಿದ್ದು ನಿಜ. ಆದರೆ ನೋಡಿದ್ದು ಗುಂಡಿನ ಅಂಕಿಯನ್ನೋ, ಮಣಿಕಟ್ಟಿಗೆ ಆಗಷ್ಟೇ ಕಟ್ಟಿದ್ದ ಪೂಜೆಯ ದಾರವನ್ನೋ? ಅಥವಾ ಅಂಗಿಯ ಮೇಲೆ ಬಿದ್ದ ಕುಂಕುಮವನ್ನೋ? ಆ ಕ್ಷಣವನ್ನು ಎಷ್ಟು ಸಲ ನೆನೆದರೂ ಒಂದೊಂದು ಸಲ ಒಂದೊಂದು ತರ ಕಾಣುತ್ತದೆ. ಸಾಕ್ಷಿ ಹೇಳುವವರು ಕೋರ್ಟಿನಲ್ಲಿ ಯಾಕೆ ತಡವರಿಸುತ್ತಾರೆ ಎಂದು ಈಗ ಗೊತ್ತಾಯಿತು.

ಇನ್ನೊಂದು ಮಾತು. ಶಿವಲಿಂಗಣ್ಣನ ಕೈ ಮರೆಯಿತು ಅನ್ನುತ್ತಾರಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ಕೈ ಏನನ್ನೂ ಮರೆತಿರಲಿಲ್ಲ. ನಲವತ್ತು ವರ್ಷದ್ದನ್ನು ಕೂದಲೆಳೆಯಷ್ಟೂ ತಪ್ಪದೆ ನೆನಪಿಟ್ಟಿತ್ತು. ಮರೆತಿದ್ದರೆ ಬಾಷಾನ ಕಾಲು ಉಳಿಯುತ್ತಿತ್ತು.

ನಮ್ಮ ಅಡುಗೆಮನೆಯಲ್ಲೊಂದು ಡಬ್ಬಿ ಇದೆ. ಮೇಲೆ ‘ಸಕ್ಕರೆ’ ಎಂದು ಬರೆದಿದೆ. ಒಳಗೆ ಉಪ್ಪು. ಡಬ್ಬಿ ನನ್ನ ಅಮ್ಮನದು, ಅಕ್ಷರ ಅವಳದು, ಅಳಿಸಲು ಮನಸ್ಸಿಲ್ಲ. ಮನೆಯವರಿಗೆ ತೊಂದರೆಯೇ ಇಲ್ಲ. ನೆಂಟರು ಚಹಾ ಮಾಡಲು ಹೋದಾಗ ಮಾತ್ರ ನಗೆಪಾಟಲು. ಇಷ್ಟು ವರ್ಷ ನಾನೂ ನಕ್ಕಿದ್ದೇನೆ. ಈಗ ಆ ಡಬ್ಬಿ ಕಂಡರೆ ನಗು ಬರುವುದಿಲ್ಲ. ಎಷ್ಟು ಮನೆಗಳಲ್ಲಿ, ಎಷ್ಟು ಕಚೇರಿಗಳಲ್ಲಿ ಒಳಗಿನದನ್ನು ಬದಲಾಯಿಸಿ ಮೇಲಿನ ಅಕ್ಷರವನ್ನು ಪ್ರೀತಿಯಿಂದ ಹಾಗೇ ಬಿಟ್ಟಿದ್ದೇವೆ?

ಕಳೆದ ವಾರ ಶಿವಲಿಂಗಣ್ಣ, ನಾನು ಬಾಷಾನನ್ನು ನೋಡಲು ಹೊನ್ನಾಳಿಗೆ ಹೊರಟೆವು. ಬಸ್ಸಿನಲ್ಲಿ. ಅವರು ಕಿಟಕಿ ಪಕ್ಕ ಕೂತಿದ್ದರು. ಸ್ವಲ್ಪ ದೂರ ಹೋದ ಮೇಲೆ ಗಮನಿಸಿದೆ. ಅವರ ಎಡಗೈ ಮುಷ್ಟಿ ಕಟ್ಟಿ ತೊಡೆಯ ಮೇಲೆ ಏನೋ ಮಾಡುತ್ತಿತ್ತು. ಬಸ್ಸು ನಿಂತು ಮತ್ತೆ ಹೊರಟಾಗಲೆಲ್ಲ ಆ ಮುಷ್ಟಿ ಸ್ವಲ್ಪ ಎಡಕ್ಕೆ ಹೋಗಿ ಮುಂದಕ್ಕೆ ಸರಿಯುತ್ತಿತ್ತು. ಹೊಸ ಒಂದನೇ ಗೇರನ್ನು ಅಭ್ಯಾಸ ಮಾಡುತ್ತಿದ್ದಾರೆ! ನಾನು ಕಿಟಕಿಯಾಚೆ ನೋಡುವವನಂತೆ ನಟಿಸಿ ಎಣಿಸತೊಡಗಿದೆ.

ಬಾಷಾ ಮನೆಯ ಹೊರಕೋಣೆಯಲ್ಲಿ, ಕಾಲು ದಿಂಬಿನ ಮೇಲಿಟ್ಟು ಮಲಗಿದ್ದ. ಶಿವಲಿಂಗಣ್ಣ ಅವನ ಕಾಲ ಬುಡದಲ್ಲಿ ನೆಲದ ಮೇಲೆ ಕೂತರು.

“ಏನಣ್ಣಾ, ನಾನು ಸತ್ತಂಗೆ ಕುಂತೀರಿ? ಮೇಲೆ ಬರ್ರಿ, ಚೇರ್ ಐತೆ.”

“ಪೊಲೀಸ್ ಕಂಪ್ಲೇಂಟ್ ಕೊಡೋ ಬಾಷಾ. ನಾನೇ ಬರ್ತೀನಿ” ಅಂದರು ಶಿವಲಿಂಗಣ್ಣ.

“ಯಾರ ಮ್ಯಾಲೆ ಕೊಡ್ಲಿ? ನಾನೇ ಕೂರಿಸಿದ ಎಂಜಿನ್ನು ನನಗೇ ಗುದ್ದೈತೆ. ಪಿಕಪ್ ಹೆಂಗೈತೆ ಅಂತ ನಿಮಗಿಂತ ಮೊದಲು ನನಗೇ ಗೊತ್ತಾತು.” ತಾನೊಬ್ಬನೇ ನಕ್ಕ. ಆಮೇಲೆ ದಿಂಬಿನ ಕೆಳಗೆ ಕೈ ಹಾಕಿ ಒಂದು ಕರೀ ರಿಂಗ್ ತೆಗೆದ. “ಇದು ತೆಗೀಬಾರ್ದಿತ್ತು. ಕೆಲಸ ಗೊತ್ತಿದ್ದೋನು ನಾನು. ಪೇಪರ್‌ನೋರಿಗೆ ಏನು ಗೊತ್ತಿರ್ತೈತೆ, ಪಾಪ.”

ನನ್ನ ಮುಖ ನೋಡದೆ ಹೇಳಿದ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಹೊರಡುವಾಗ ಬಾಷಾ ಒಂದು ಮಾತು ಹೇಳಿದ. “ನನ್ನ ಕಾಲು ನೆಟ್ಟಗಾಗಲಿ. ರಿಂಗು ನಾನೇ ಹಾಕ್ತೀನಿ. ಆಮೇಲೆ ಗಾಡಿ ನೀವೇ ಓಡಿಸ್ಬೇಕು ಅಣ್ಣಾ, ಪಕ್ಕದಾಗೆ ನಾನು ಕೂರ್ತೀನಿ. ನೀವು ಓಡಿಸ್ದೇ ಹೋದ್ರೆ ನಾನು ಕಾಲು ಮುರ್ಕಂಡಿದ್ದು ಯಾವುದಕ್ಕೆ?”

ಊರಿಗೆ ಬಂದು ಇದನ್ನು ಸುನೀತಾಗೆ ಹೇಳಿದೆ. ಅವಳು ಬ್ಯಾಗಿನಿಂದ ಕೀ ತೆಗೆದು ನನ್ನ ಕೈಯಲ್ಲಿಟ್ಟಳು.

“ಪಕ್ಕದಾಗಿದ್ದೋರು ನೀವು. ಅಪ್ಪಂಗೆ ಕೊಡ್ಬಹುದು ಅಂತ ನಿಮಗೆ ಖಾತ್ರಿ ಆದ ದಿನ ಕೊಡ್ರಿ. ಆಗಲಿಲ್ಲಾಂದ್ರೆ ಕೊಡಬ್ಯಾಡ್ರಿ.”

ಗುಂಡು ಈಗ ಕಾರಿನಲ್ಲಿಲ್ಲ. ಶಿವಲಿಂಗಣ್ಣ ತಾವೇ ಬಿಚ್ಚಿ ತಂದು ನನಗೆ ಕೊಟ್ಟಿದ್ದಾರೆ. ನಾನು ಬರೆಯುವ ಮೇಜಿನ ಮೇಲೆ ಗುಂಡು ಇದೆ, ಪಕ್ಕದಲ್ಲಿ ಕೀ ಇದೆ. ದಿನಾ ಸಂಜೆ ಅಂಗಡಿ ಮುಗಿಸಿ ಶಿವಲಿಂಗಣ್ಣ ಬರುತ್ತಾರೆ. ಚಹಾ ಕುಡಿಯುತ್ತಾರೆ. ಮಳೆಯ ಮಾತು, ವ್ಯಾಪಾರದ ಮಾತು ಆಡುತ್ತಾರೆ. ಒಂದು ಸಲವೂ ಕೀ ಕೇಳಿಲ್ಲ. ಒಂದು ಸಲವೂ ಮೇಜಿನ ಕಡೆ ನೋಡದೆ ಎದ್ದು ಹೋಗಿಲ್ಲ.

ಸುನೀತಾಗೆ ನಾನು ಹೇಳದೆ ಉಳಿಸಿಕೊಂಡದ್ದು ಒಂದಿದೆ. (ಅವಳು ಈ ಅಂಕಣ ಓದುತ್ತಾಳೆ, ಹಾಗಾಗಿ ಈಗ ಹೇಳಿದಂತಾಯಿತು.) ನಾನು ಎಣಿಸತೊಡಗಿದ ಮೇಲೆ, ಹೊನ್ನಾಳಿ ಮುಟ್ಟುವಷ್ಟರಲ್ಲಿ ಆ ಬಸ್ಸು ಹತ್ತು ಸಲ ನಿಂತು ಹೊರಟಿತು. ಏಳು ಸಲ ಶಿವಲಿಂಗಣ್ಣನ ಕೈ ಹೊಸ ಗೇರಿನ ಜಾಗಕ್ಕೇ ಹೋಯಿತು. ಮೂರು ಸಲ ಪೂರ್ತಿ ಎಡಕ್ಕೆ ಹೋಯಿತು. ಹಳೆಯ ‘೧’ ಇದ್ದಲ್ಲಿಗೆ.

ಅಂದು ಗುಂಡು ಇರಲಿ ಎಂದು ಬರೆದಿರಲ್ಲ, ಈಗ ನೀವೇ ಹೇಳಿ: ಕೀ ಕೊಡಲೇ?